ಪಚ್ಚಿಲೆ, ಮರುವಾಯಿ: ಓಡಲಾರದ ಪ್ರಾಣಿಯನ್ನು ಸಾಕುವ ಮುನ್ನ ಅದರ ಬದುಕು ತಿಳಿಯಿರಿ

ಮೊಬೈಲಲ್ಲಿ ವಿದೇಶಿ ಅಡುಗೆ ವಿಡಿಯೋ ನೋಡುವವರಿಗೆ ಸ್ಕಾಲಪ್ ಅನ್ನೋ ಹೆಸರು ಗೊತ್ತಿರಬಹುದು. ಬೀಸಣಿಗೆ ಆಕಾರದ ಚಿಪ್ಪು, ಒಳಗೆ ಬಿಳಿ ಗುಂಡಗಿನ ಮಾಂಸ, ಬೆಣ್ಣೆಯಲ್ಲಿ ಹುರಿದು ತಟ್ಟೆಗೆ ಹಾಕ್ತಾರೆ. ಇದೊಂದು ವಿಚಿತ್ರ ಪ್ರಾಣಿ. ಚಿಪ್ಪಿನ ಅಂಚಿನುದ್ದಕ್ಕೂ ಸಾಸಿವೆಯಂಥ ಕಣ್ಣುಗಳ ಸಾಲು, ಕೆಲವು ಜಾತಿಗಳಲ್ಲಿ 200ರವರೆಗೂ ಉಂಟು. ನಕ್ಷತ್ರ ಮೀನು ತಿನ್ನಲು ಹತ್ತಿರ ಬಂತು ಅಂದರೆ ಎರಡೂ ಚಿಪ್ಪನ್ನು ಚಪ್ಪಾಳೆ ತಟ್ಟಿದ ಹಾಗೆ ಬಡಿದು, ನೀರು ಚಿಮ್ಮಿಸಿ, ಈಜಿ ತಪ್ಪಿಸಿಕೊಳ್ಳುತ್ತದೆ. ತಟ್ಟೆಯಲ್ಲಿ ಕಾಣುವ ಬಿಳಿ ಗುಂಡು ಬೇರೇನಲ್ಲ, ಚಪ್ಪಾಳೆ ತಟ್ಟುವ ಆ ಸ್ನಾಯು.

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಹತ್ತಿರದ ಮೀನು ಮಾರುಕಟ್ಟೆಗೆ ಹೋದರೆ ಬುಟ್ಟಿಯಲ್ಲಿ ಕಾಣುವುದು ಸ್ಕಾಲಪ್ ಅಲ್ಲ, ಅದರ ಸಂಬಂಧಿಗಳಾದ ಮರುವಾಯಿ ಮತ್ತು ಪಚ್ಚಿಲೆ. ಮರುವಾಯಿ ಅಂದರೆ ನದಿ ಬಾಯಿಯ ಮರಳಲ್ಲಿ ಹುದುಗಿರುವ ಗುಂಡು ಚಿಪ್ಪು. ಪಚ್ಚಿಲೆ ಅಂದರೆ ಸಮುದ್ರದ ಬಂಡೆಗೆ ಅಂಟಿಕೊಂಡಿರುವ ಉದ್ದನೆಯ ಹಸಿರು ಚಿಪ್ಪು. ಕಾರವಾರದ ಕಡೆ ಇದಕ್ಕೆ ನೀಲಿಕಲ್ಲು ಅಂತಾರೆ. ಸ್ಕಾಲಪ್, ಮರುವಾಯಿ, ಪಚ್ಚಿಲೆ ಮೂರೂ ಎರಡು ಚಿಪ್ಪಿನ ಪ್ರಾಣಿಗಳೇ. ಒಳಗಿನ ರಚನೆಯೂ ಹೆಚ್ಚುಕಡಿಮೆ ಒಂದೇ.

ಆದರೆ ಒಂದು ದೊಡ್ಡ ವ್ಯತ್ಯಾಸ ಉಂಟು. ಸ್ಕಾಲಪ್ ಓಡಬಲ್ಲದು. ನಮ್ಮ ಪಚ್ಚಿಲೆ, ಮರುವಾಯಿ ಓಡಲಾರವು. ನೀರು ಸಿಹಿಯಾದರೂ, ಕೊಳಕಾದರೂ, ವಿಷವಾದರೂ ಇದ್ದಲ್ಲೇ ಇರಬೇಕು. ಪಚ್ಚಿಲೆ ಕೃಷಿಗೆ ಇಳಿಯುವವರು, ಹೊಳೆಯಲ್ಲಿ ಮರುವಾಯಿ ಹೆಕ್ಕುವವರು, ಮನೆಗೆ ತಂದು ತಿನ್ನುವವರು ಎಲ್ಲರೂ ಮೊದಲು ತಿಳಿಯಬೇಕಾದ ಮಾತು ಇದೊಂದೇ. ಉಳಿದ ಎಲ್ಲ ಲೆಕ್ಕವೂ ಇದರಿಂದಲೇ ಬರುತ್ತದೆ.

ಒಂದು ಪಚ್ಚಿಲೆ ಬಿಡಿಸಿ ನೋಡಿ

ಮುಂದಿನ ಸಲ ಪಚ್ಚಿಲೆ ತಂದಾಗ ಒಂದನ್ನು ಬೇಯಿಸುವ ಮೊದಲೇ ನಿಧಾನವಾಗಿ ಬಿಡಿಸಿ. ತಲೆ ಹುಡುಕಿದರೆ ಸಿಗುವುದಿಲ್ಲ, ಇದಕ್ಕೆ ತಲೆಯೇ ಇಲ್ಲ. ಎರಡು ಚಿಪ್ಪು ಸೇರುವ ಜಾಗದಲ್ಲಿ ರಬ್ಬರಿನಂಥ ಒಂದು ಪಟ್ಟಿ ಉಂಟು. ಚಿಪ್ಪನ್ನು ತೆರೆಯುವುದು ಅದರ ಕೆಲಸ. ಮುಚ್ಚುವುದು ಸ್ನಾಯುವಿನ ಕೆಲಸ. ಅಂದರೆ ಬಾಯಿ ಮುಚ್ಚಿಕೊಂಡಿರಲು ಅದು ಸದಾ ಬಲ ಹಾಕಬೇಕು, ಸತ್ತರೆ ಚಿಪ್ಪು ತಾನಾಗಿ ತೆರೆದುಕೊಳ್ಳುತ್ತದೆ. ಮಾರುಕಟ್ಟೆಯಲ್ಲಿ ಬಾಯಿ ಬಿಟ್ಟ ಚಿಪ್ಪನ್ನು ಬೆರಳಿಂದ ತಟ್ಟಿ ನೋಡಿ. ಮುಚ್ಚಿಕೊಂಡರೆ ಜೀವ ಉಂಟು. ಸುಮ್ಮನಿದ್ದರೆ ಬಿಟ್ಟುಬಿಡಿ.

ಒಳಗೆ ಎರಡು ಬದಿಗೂ ಪರದೆಯಂತೆ ತೆಳ್ಳಗೆ ಹರಡಿರುವುದು ಕಿವಿರು. ಉಸಿರಾಟಕ್ಕೂ ಅದೇ, ಊಟಕ್ಕೂ ಅದೇ. ಪಕ್ಕದಲ್ಲಿ ನಾಲಿಗೆಯಂತೆ ಇರುವುದು ಕಾಲು. ಅದರ ಬುಡದಿಂದ ಕಪ್ಪು ನಾರಿನ ಗೊಂಚಲು ಹೊರಗೆ ಬಂದಿರುತ್ತದೆ. ಅಡುಗೆಗೆ ಮೊದಲು ನಾವು ಎಳೆದು ಬಿಸಾಡುವ ಗಡ್ಡ ಅದು. ಪಚ್ಚಿಲೆ ಅಂಟಿನಂಥ ಒಂದು ದ್ರವ ಒಸರಿ ಈ ನಾರು ಮಾಡುತ್ತದೆ, ಅಲೆ ಎಷ್ಟು ಹೊಡೆದರೂ ಬಂಡೆ ಬಿಡದ ಹಾಗೆ ಹಿಡಿದುಕೊಳ್ಳುತ್ತದೆ. ಹಗ್ಗದಲ್ಲಿ ಪಚ್ಚಿಲೆ ಬೆಳೆಯಲು ಸಾಧ್ಯವಾಗಿದ್ದೇ ಈ ನಾರಿನಿಂದ. ಹಳೆ ನಾರು ಕಿತ್ತರೂ ಹೊಸದು ಮಾಡಿಕೊಳ್ಳುತ್ತದೆ.

ಮರುವಾಯಿಗೆ ಇಂಥ ಗಡ್ಡ ಕಾಣುವುದಿಲ್ಲ. ಅದರ ಕಾಲು ಹಾರೆಯ ಹಾಗೆ, ಮರಳು ತೋಡಿ ಒಳಗೆ ಇಳಿಯಲು. ಮೇಲಕ್ಕೆ ಎರಡು ಕೊಳವೆ ಚಾಚಿ ಒಂದರಿಂದ ನೀರು ಎಳೆದು ಇನ್ನೊಂದರಿಂದ ಹೊರಗೆ ಬಿಡುತ್ತದೆ.

ಮೇವು ಹಾಕುವ ಖರ್ಚಿಲ್ಲ, ಆದರೆ

ಸಿಗಡಿಗೆ, ಮೀನಿಗೆ ಮೇವು ಹಾಕಬೇಕು. ಖರ್ಚಿನ ದೊಡ್ಡ ಪಾಲು ಅದೇ. ಪಚ್ಚಿಲೆಗೆ ಮೇವು ಹಾಕುವುದೇ ಬೇಡ. ನೀರಲ್ಲಿ ತೇಲುವ, ಕಣ್ಣಿಗೆ ಕಾಣದ ಪಾಚಿಯೇ ಅದರ ಊಟ. ಕಿವಿರಿನ ಮೇಲಿನ ಸೂಕ್ಷ್ಮ ರೋಮಗಳು ಬಡಿಯುತ್ತಾ ನೀರನ್ನು ಒಳಕ್ಕೆ ಎಳೆಯುತ್ತವೆ, ಪಾಚಿಯನ್ನು ಲೋಳೆಯಲ್ಲಿ ಹಿಡಿದು ಬಾಯಿಗೆ ಸಾಗಿಸುತ್ತವೆ. ಚೆನ್ನಾಗಿ ಬೆಳೆದ ಒಂದು ಪಚ್ಚಿಲೆ ಗಂಟೆಗೆ ಒಂದೆರಡು ಲೀಟರ್ ನೀರನ್ನಾದರೂ ಹೀಗೆ ಸೋಸುತ್ತದೆ. ಒಂದು ಹಗ್ಗದಲ್ಲಿ ನೂರಾರು ಪಚ್ಚಿಲೆ ಇದ್ದರೆ ದಿನಕ್ಕೆ ಎಷ್ಟು ನೀರು ಸೋಸಿತು ಅಂತ ನೀವೇ ಲೆಕ್ಕ ಹಾಕಿ.

ಇದರಿಂದ ಹೊಳೆಗೂ ಲಾಭ, ನೀರು ತಿಳಿಯಾಗುತ್ತದೆ. ಆದರೆ ಸೋಸುವ ಪ್ರಾಣಿ ಒಳ್ಳೆಯದನ್ನು ಮಾತ್ರ ಹಿಡಿಯುವುದಿಲ್ಲ. ಚರಂಡಿ ನೀರಿನ ರೋಗಾಣು, ವಿಷದ ಪಾಚಿ, ಲೋಹದ ಅಂಶ ಎಲ್ಲವೂ ಮೈಯಲ್ಲಿ ಸೇರುತ್ತವೆ. ನೀರಲ್ಲಿ ಸ್ವಲ್ಪ ಇದ್ದದ್ದು ಮಾಂಸದಲ್ಲಿ ಹೆಚ್ಚಾಗಿ ಕೂರುತ್ತದೆ. ಹಾಗಾಗಿ ಪಚ್ಚಿಲೆ ಕೃಷಿಯಲ್ಲಿ ಮೇವು ಆರಿಸುವುದು ಅಂದರೆ ಜಾಗ ಆರಿಸುವುದು. ಚರಂಡಿ ಸೇರುವ ಬಾಯಿ, ದೋಣಿಗಳ ಎಣ್ಣೆ ತೇಲುವ ಧಕ್ಕೆ, ಮೀನು ಕಾರ್ಖಾನೆಯ ನೀರು ಬೀಳುವ ಕಡೆ ಎಷ್ಟೇ ಅನುಕೂಲ ಇದ್ದರೂ ಹಗ್ಗ ಇಳಿಸಬೇಡಿ.

ಕಿತ್ತಳೆ ಬಣ್ಣದ್ದು ಹೆಣ್ಣು

ಬೇಯಿಸಿದ ಪಚ್ಚಿಲೆಯಲ್ಲಿ ಕೆಲವು ಕಿತ್ತಳೆ ಕೆಂಪು, ಕೆಲವು ಕೆನೆ ಬಿಳಿ ಇರುತ್ತವೆ. ಬಿಳಿಯದು ಹಳತು, ಕೆಂಪಿನದು ತಾಜಾ ಅಂತ ವ್ಯಾಪಾರ ಮಾಡುವವರೂ ಉಂಟು. ಹಾಗೇನಿಲ್ಲ. ಬಲಿತ ಹೆಣ್ಣು ಕಿತ್ತಳೆ, ಗಂಡು ಕೆನೆ ಬಿಳಿ, ಅಷ್ಟೇ.

ಇವು ಜೊತೆ ಸೇರುವುದಿಲ್ಲ. ಹೆಣ್ಣು ಲಕ್ಷಗಟ್ಟಲೆ ಮೊಟ್ಟೆಗಳನ್ನು ನೀರಿಗೆ ಬಿಡುತ್ತದೆ, ಗಂಡು ವೀರ್ಯ ಬಿಡುತ್ತದೆ, ಎರಡೂ ನೀರಲ್ಲೇ ಕೂಡಬೇಕು. ಒಂದು ಬಿಡಲು ಶುರುಮಾಡಿದರೆ ಅಕ್ಕಪಕ್ಕದವೂ ಬಿಡುತ್ತವೆ. ಗುಂಪಾಗಿ ಇರುವುದರ ಲಾಭ ಅದು. ದೂರ ದೂರ ಒಂದೊಂದು ಉಳಿದರೆ ಮೊಟ್ಟೆ ವ್ಯರ್ಥ. ಬಂಡೆಯನ್ನು ಪೂರ್ತಿ ಬೋಳಿಸಿದರೆ ಮುಂದಿನ ವರ್ಷ ಬೀಜ ಕಡಿಮೆಯಾಗುವುದು ಇದಕ್ಕೇ.

ಮೊಟ್ಟೆ ಒಡೆದ ಮರಿಗೆ ಒಂದು ದಿನದೊಳಗೆ ಸಣ್ಣ ಚಿಪ್ಪು ಮೂಡುತ್ತದೆ. ಆಮೇಲೆ ಎರಡು ಮೂರು ವಾರ ಅದು ತೇಲುತ್ತಾ ಹೋಗುತ್ತದೆ. ಇಡೀ ಜೀವನದಲ್ಲಿ ಅದು ದೂರ ಪ್ರಯಾಣ ಮಾಡುವುದು ಇದೊಂದೇ ಸಲ, ಅದೂ ಪ್ರವಾಹ ಎಳೆದ ಕಡೆಗೆ. ಕೊನೆಗೆ ಕಾಲು ಬೆಳೆದು ಗಟ್ಟಿ ಜಾಗ ಹುಡುಕುತ್ತದೆ. ಬಂಡೆಯೋ ಕಂಬವೋ ಹಗ್ಗವೋ ಸಿಕ್ಕರೆ ನಾರು ಹಾಕಿ ನಿಲ್ಲುತ್ತದೆ. ಮರುವಾಯಿ ಮರಿಗೆ ಮರಳು ಬೇಕು. ಜಾಗ ಸಿಗದ್ದು, ಮೀನಿನ ಬಾಯಿಗೆ ಬಿದ್ದದ್ದು ಹೋಯಿತು. ಲಕ್ಷದಲ್ಲಿ ಕೆಲವೇ ಉಳಿಯುವುದು.

ನೀವು ಉಳ್ಳಾಲದ ಸೋಮೇಶ್ವರದ ಬಂಡೆಯಿಂದ ಕಿತ್ತ ಬೀಜ ಬೇರೆಲ್ಲೋ ಇದ್ದ ತಾಯಿಯ ಮರಿ ಆಗಿರಬಹುದು. ನಿಮ್ಮ ಬಂಡೆಯ ತಾಯಿಯ ಮರಿ ಬೇರೆ ಊರಿನವರ ಬಂಡೆಗೆ ಹೋಗಿರಬಹುದು. ನನ್ನ ಊರಿನ ಬಂಡೆ, ನಾನು ಏನು ಬೇಕಾದರೂ ಮಾಡ್ತೇನೆ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಮಂಗಳೂರಿನ ನೀರಿಗೆ ಎರಡು ಮುಖ

ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಪಚ್ಚಿಲೆ ಚೆನ್ನಾಗಿ ಬೆಳೆಯಲು 27ರಿಂದ 35 ಬೇಕು. ಮಂಗಳೂರಿನ ಅಳಿವೆಬಾಗಿಲಲ್ಲಿ, ಅಂದರೆ ಬೆಂಗ್ರೆ ಮತ್ತು ಉಳ್ಳಾಲದ ನಡುವೆ ನೇತ್ರಾವತಿ, ಗುರುಪುರ ಎರಡೂ ನದಿ ಸಮುದ್ರ ಸೇರುವ ಕಡೆ, ಬೇಸಿಗೆಯಲ್ಲಿ ಈ ಉಪ್ಪು ಸಿಗುತ್ತದೆ. ನದಿಯಲ್ಲಿ ಸಿಹಿ ನೀರು ಕಡಿಮೆಯಾದಂತೆ ಉಬ್ಬರದ ಉಪ್ಪುನೀರು ಮೇಲಕ್ಕೂ ಹೋಗುತ್ತದೆ.

ಆದರೆ ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ. ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ ಸುರಿಯುತ್ತದೆ. ಆಗ ಅದೇ ಅಳಿವೆಬಾಗಿಲಲ್ಲಿ ಕೆಂಪು ಸಿಹಿ ನೀರು ತುಂಬಿ ಹರಿಯುತ್ತದೆ. ಪಚ್ಚಿಲೆಗೆ ಗೊತ್ತಿರುವ ಉಪಾಯ ಒಂದೇ, ಚಿಪ್ಪು ಮುಚ್ಚಿಕೊಂಡು ಕಾಯುವುದು. ಮುಚ್ಚಿದರೆ ಊಟವೂ ಇಲ್ಲ, ಉಸಿರೂ ಸರಿಯಾಗಿ ಇಲ್ಲ. ಒಂದೆರಡು ದಿನದಲ್ಲಿ ಉಪ್ಪು ಮರಳಿ ಬಂದರೆ ಬದುಕೀತು. ಬರದಿದ್ದರೆ ಸಾವು, ಅದೂ ಇಡೀ ಬೆಳೆ ಒಟ್ಟಿಗೆ.

ಇಲ್ಲಿ ಯುವ ರೈತರು ಎಡವುವುದು ಎಲ್ಲಿ ಗೊತ್ತಾ? ಮಂಗಳೂರಲ್ಲಿ ಬಿಸಿಲಿದೆ, ಇನ್ನೂ ಒಂದು ವಾರ ಬಿಟ್ಟರೆ ತೂಕ ಬರ್ತದೆ ಅಂತ ಮೇ ಕೊನೆವರೆಗೆ ಕಾಯುವುದರಲ್ಲಿ. ನೇತ್ರಾವತಿಗೆ ನೀರು ಬರುವುದು ಘಟ್ಟದಿಂದ. ಚಾರ್ಮಾಡಿ, ಶಿರಾಡಿ, ಸುಬ್ರಹ್ಮಣ್ಯದ ಕಡೆ ಜೋರು ಮಳೆ ಬಿದ್ದರೆ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ, ತುಂಬೆ ದಾಟಿ ನಿಮ್ಮ ಹಗ್ಗದ ಬುಡಕ್ಕೆ ಬರುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ಮೊಬೈಲಲ್ಲಿ ಹವಾಮಾನ ಇಲಾಖೆಯ ಮೌಸಮ್ ಆ್ಯಪ್ ತೆರೆದಾಗ ಮಂಗಳೂರಿನ ಮುನ್ಸೂಚನೆ ಮಾತ್ರ ನೋಡಬೇಡಿ. ಘಟ್ಟದ ಬುಡದ ತಾಲೂಕುಗಳ ಮಳೆಯನ್ನೂ ನೋಡಿ.

ಹಗ್ಗದಲ್ಲಿ ಪಚ್ಚಿಲೆ: ಲೆಕ್ಕ ಹಿಂದಿನಿಂದ ಹಾಕಿ

ನಮ್ಮ ಪಕ್ಕದ ಕಾಸರಗೋಡು ಜಿಲ್ಲೆಯ ಪಡನ್ನ, ಚೆರುವತ್ತೂರು ಕಡೆ 1990ರ ದಶಕದಿಂದ ಪಚ್ಚಿಲೆ ಕೃಷಿ ನಡೆಯುತ್ತಿದೆ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಅಲ್ಲಿ ತೋರಿಸಿಕೊಟ್ಟ ವಿಧಾನವನ್ನು ಮಹಿಳಾ ಸ್ವಸಹಾಯ ಗುಂಪುಗಳು ಕೈಗೆತ್ತಿಕೊಂಡು ಹಿನ್ನೀರಿನಲ್ಲಿ ಬೆಳೆದವು. ಕೆಲಸ ಕಷ್ಟದ್ದಲ್ಲ, ಆದರೆ ಸಮಯ ತಪ್ಪಬಾರದು.

ಮೇ ಮಧ್ಯದೊಳಗೆ ಕೊಯ್ಲು ಮುಗಿಯಬೇಕು. ಬೆಳೆಯಲು ಐದಾರು ತಿಂಗಳು ಬೇಕು. ಅಂದರೆ ನವೆಂಬರ್, ತಪ್ಪಿದರೆ ಡಿಸೆಂಬರ್ ಮೊದಲ ಭಾಗದಲ್ಲಿ ಹಗ್ಗ ಇಳಿದಿರಬೇಕು. ಅದೃಷ್ಟಕ್ಕೆ ಪ್ರಕೃತಿಯ ಲೆಕ್ಕವೂ ಹಾಗೇ ಉಂಟು. ಬಂಡೆಯ ಪಚ್ಚಿಲೆ ಮಳೆಗಾಲದಲ್ಲಿ ಮೊಟ್ಟೆ ಬಿಡುತ್ತದೆ, ಮಳೆ ನಿಂತ ಮೇಲೆ ಬಂಡೆಗಳಲ್ಲಿ ಬೀಜ ಕಾಣುತ್ತದೆ.

ಕ್ರಮ ಹೀಗೆ:

1. ಇಳಿತದ ಹೊತ್ತಲ್ಲೂ ಒಂದೂವರೆ ಮೀಟರ್ ಆಳ ಇರುವ, ನೀರು ನಿಧಾನ ಹರಿಯುವ, ಚರಂಡಿಯಿಂದ ದೂರದ ಜಾಗ ನೋಡಿ. ದೋಣಿ ಹೋಗುವ ದಾರಿ ಬೇಡ.

2. ಅಕ್ಟೋಬರಿನಿಂದಲೇ ವಾರಕ್ಕೊಮ್ಮೆ ಉಬ್ಬರ, ಇಳಿತ ಎರಡೂ ಹೊತ್ತಲ್ಲಿ ಉಪ್ಪಿನ ಪ್ರಮಾಣ ಅಳೆಯಿರಿ. ರಿಫ್ರಾಕ್ಟೋಮೀಟರ್ ಅನ್ನೋ ಸಣ್ಣ ಉಪಕರಣದ ಮೇಲೆ ಒಂದು ಹನಿ ನೀರು ಹಾಕಿದರೆ ಸಾಕು. ಅಂಕಿಯ ಫೋಟೋ ತೆಗೆದಿಡಿ, ದಿನಾಂಕ ತಾನಾಗಿ ದಾಖಲಾಗುತ್ತದೆ.

3. ಬಿದಿರು ಅಥವಾ ಗಾಳಿಮರದ ಕಂಬ ನೆಟ್ಟು ಅಡ್ಡ ಕಟ್ಟಿ ಚಪ್ಪರ ಮಾಡಿ.

4. 20ರಿಂದ 25 ಮಿ.ಮೀ. ಉದ್ದದ ಬೀಜ ತಂದು, ತೊಳೆದು, ಕೆಸರು ಮತ್ತು ಬೇರೆ ಪ್ರಾಣಿಗಳನ್ನು ತೆಗೆಯಿರಿ. ಒಂದು ಮೀಟರ್ ಹಗ್ಗಕ್ಕೆ 500ರಿಂದ 750 ಗ್ರಾಂ ಬೀಜ ಸಾಕು.

5. ಹತ್ತಿಯ ಸೊಳ್ಳೆಪರದೆ ಬಟ್ಟೆ ಹರಡಿ, ಮೇಲೆ ಹಗ್ಗ ಇಟ್ಟು, ಸುತ್ತ ಬೀಜ ಜೋಡಿಸಿ ಹೊಲಿಯಿರಿ. ನೈಲಾನ್ ಬಟ್ಟೆ ಬೇಡ. ಪಚ್ಚಿಲೆ ಎರಡು ಮೂರು ದಿನದಲ್ಲಿ ನಾರು ಹಾಕಿ ಹಗ್ಗ ಹಿಡಿಯುತ್ತದೆ, ಆಮೇಲೆ ಬಟ್ಟೆ ಕೊಳೆತು ಹೋಗಬೇಕು.

6. ಹಗ್ಗದ ತುದಿ ನೆಲಕ್ಕೆ ತಾಗಬಾರದು. ತಾಗಿದರೆ ಏಡಿ ಹತ್ತುತ್ತದೆ, ಕೆಸರು ಮೆತ್ತುತ್ತದೆ.

7. ಗೊಂಚಲು ತೀರಾ ದಪ್ಪ ಆದರೆ ಹೊರಗಿನವು ಕಳಚಿ ಬೀಳುತ್ತವೆ. ಬಿಡಿಸಿ ಬೇರೆ ಹಗ್ಗಕ್ಕೆ ಹಾಕಿ.

ಎಲ್ಲ ಸರಿಯಾದರೆ ಪಚ್ಚಿಲೆ 7ರಿಂದ 8 ಸೆಂ.ಮೀ. ಬೆಳೆದು ಮೀಟರಿಗೆ 10 ಕಿಲೋ ಆಸುಪಾಸು ಸಿಗುತ್ತದೆ. ಇದು ಚಿಪ್ಪು ಸಮೇತದ ತೂಕ ಅನ್ನೋದು ನೆನಪಿರಲಿ. ಮಾಂಸ ಕಾಲು ಭಾಗದಿಂದ ಮೂರನೇ ಒಂದು ಭಾಗ ಮಾತ್ರ. ದರ ಮಾತಾಡುವಾಗ ಯಾವ ತೂಕಕ್ಕೆ ಅಂತ ಮೊದಲೇ ಕೇಳಿ.

ನದಿ ಯಾರ ಸ್ವಂತದ್ದೂ ಅಲ್ಲ. ಕಂಬ ನೆಡುವ ಮೊದಲು ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ, ಅಲ್ಲಿ ಬಲೆ ಬೀಸುವವರ ಜೊತೆಗೂ ಮಾತಾಡಿ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಚಿಪ್ಪು ಕೃಷಿಗೆ ಸಾಮಾನ್ಯ ವರ್ಗಕ್ಕೆ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ 60 ಶೇಕಡಾ ಸಹಾಯಧನ ಇಟ್ಟಿದ್ದರು. ಈ ವರ್ಷಕ್ಕೆ ಅನುದಾನ ಉಂಟಾ ಅಂತ ಇಲಾಖೆಯಲ್ಲೇ ವಿಚಾರಿಸಿ. ತಾಂತ್ರಿಕ ಸಲಹೆಗೆ ಮಂಗಳೂರಿನಲ್ಲೇ 1969ರಿಂದ ಇರುವ ಮೀನುಗಾರಿಕಾ ಕಾಲೇಜು ಉಂಟು.

ಮರುವಾಯಿ: ಸಣ್ಣದನ್ನು ಬಿಟ್ಟರೆ ದೊಡ್ಡದು ಸಿಗುತ್ತದೆ

ಮರುವಾಯಿ ಪುಂಡಿ, ಮರುವಾಯಿ ಸುಕ್ಕ ನಮ್ಮ ಕರಾವಳಿಯ ಬಾಯಿರುಚಿ. ಹೊಳೆಯಲ್ಲಿ ಒಂದೇ ಜಾತಿ ಇರುವುದಲ್ಲ. ಸಮುದ್ರಕ್ಕೆ ಹತ್ತಿರ ಹೆಚ್ಚು ಉಪ್ಪು ಕೇಳುವ ಜಾತಿ, ನಡುವೆ ಉಪ್ಪಿನ ಏರುಪೇರು ತಡೆಯುವ ಜಾತಿ, ಮೇಲೆ ಸಿಹಿ ನೀರಿಗೆ ಒಗ್ಗಿದ ಕಪ್ಪು ಚಿಪ್ಪಿನ ಜಾತಿ. ಪ್ರತಿಯೊಂದಕ್ಕೂ ತನ್ನದೇ ಮರಳ ದಿಬ್ಬ ಬೇಕು. ಆ ಮರಳನ್ನೇ ಎತ್ತಿ ಸಾಗಿಸಿದರೆ ಮರುವಾಯಿಯ ಮನೆಯೂ ಹೋಯಿತು, ಮರಿಯೂ ಹೋಯಿತು. ಮುಂದೆ ತೇಲಿ ಬರುವ ಮರಿಗೆ ಇಳಿಯಲು ಜಾಗವೂ ಇಲ್ಲ.

ಹೆಕ್ಕುವವರ ಕೈಯಲ್ಲೂ ಒಂದು ಪಾಲು ಉಂಟು. ಕೇರಳದ ಕೊಲ್ಲಂ ಹತ್ತಿರದ ಅಷ್ಟಮುಡಿ ಸರೋವರದ ಉದಾಹರಣೆ ನೋಡಿ. 1980ರ ದಶಕದಲ್ಲಿ ಅಲ್ಲಿನ ಮರುವಾಯಿಗೆ ವಿದೇಶದಿಂದ ಬೇಡಿಕೆ ಬಂತು. ಎಲ್ಲರೂ ಹೆಕ್ಕಿದರು, ಸಣ್ಣದನ್ನೂ ಬಿಡಲಿಲ್ಲ. 1990ರ ದಶಕದ ಆರಂಭದಲ್ಲಿ ಸಿಗುವುದು ಧಡ್ ಅಂತ ಇಳಿಯಿತು. ಆಮೇಲೆ ಮೊಟ್ಟೆ ಬಿಡುವ ಡಿಸೆಂಬರಿನಿಂದ ಫೆಬ್ರವರಿವರೆಗೆ ಹೆಕ್ಕುವುದನ್ನು ನಿಲ್ಲಿಸಿದರು. ಸಣ್ಣದು ಜಾರಿ ಹೋಗುವ ಹಾಗೆ ಬಲೆಯ ಕಣ್ಣು ದೊಡ್ಡದು ಮಾಡಿದರು. ಮರುವಾಯಿ ಮರಳಿ ಬಂತು. 2014ರಲ್ಲಿ ಭಾರತದಲ್ಲೇ ಮೊದಲ ಸಲ ಅಂತರರಾಷ್ಟ್ರೀಯ ಎಂಎಸ್‌ಸಿ ಸುಸ್ಥಿರ ಮೀನುಗಾರಿಕೆ ಪ್ರಮಾಣಪತ್ರ ಸಿಕ್ಕಿದ್ದು ಈ ಮರುವಾಯಿ ಮೀನುಗಾರಿಕೆಗೇ.

ಓಡಲಾರದ ಪ್ರಾಣಿಯನ್ನು ಪೂರ್ತಿ ಹೆಕ್ಕಿ ಮುಗಿಸುವುದು ಸುಲಭ. ಅದೇ ಕಾರಣಕ್ಕೆ ಉಳಿಸುವುದೂ ಸುಲಭ. ಬಿಟ್ಟದ್ದು ಬಿಟ್ಟಲ್ಲೇ ಇರುತ್ತದೆ, ಆರು ತಿಂಗಳು ಕಳೆದು ಹೋದರೆ ದೊಡ್ಡದಾಗಿ ಸಿಗುತ್ತದೆ.

ಬೇಯಿಸಿದರೂ ಹೋಗದ ವಿಷ

ಇದನ್ನು ಹೆದರಿಸಲು ಹೇಳುವುದಲ್ಲ, ಆದರೆ ಹೇಳದೆ ಇರುವಂತಿಲ್ಲ. 1983ರಲ್ಲಿ ಕುಂಬಳೆ ಹೊಳೆಯ ಮರುವಾಯಿ ತಿಂದ ಹಲವರು ಆಸ್ಪತ್ರೆ ಸೇರಬೇಕಾಯಿತು, ಜೀವಹಾನಿಯೂ ಆಯಿತು. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು ಇದರ ಅಧ್ಯಯನ ಮಾಡಿ ದಾಖಲಿಸಿದರು. ಮರುವಾಯಿ ಹಳಸಿದ್ದಲ್ಲ, ನೀರಲ್ಲಿ ವಿಷದ ಪಾಚಿ ಹೆಚ್ಚಿತ್ತು. ಅದನ್ನು ಸೋಸಿ ತಿಂದ ಮರುವಾಯಿಗೆ ಏನೂ ಆಗಲಿಲ್ಲ, ತಿಂದ ಮನುಷ್ಯರಿಗೆ ಆಯಿತು.

ಈ ವಿಷ ಬೇಯಿಸಿದರೆ ಹೋಗುವುದಿಲ್ಲ. ನಿಂಬೆಹುಳಿ, ವಿನೆಗರ್ ಯಾವುದೂ ಉಪಯೋಗ ಇಲ್ಲ. ನೋಡಿ, ಮೂಸಿ ಗೊತ್ತಾಗುವುದೂ ಇಲ್ಲ. ತುಟಿ, ನಾಲಿಗೆ, ಬೆರಳ ತುದಿ ಜುಂ ಅನ್ನುವುದು ಮೊದಲ ಲಕ್ಷಣ. ಹೆಚ್ಚಾದರೆ ಸ್ನಾಯು ಸೋತು ಉಸಿರಾಟಕ್ಕೇ ತೊಂದರೆ. ಚಿಪ್ಪು ತಿಂದ ಮೇಲೆ ಹೀಗೆ ಆದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಿ, ಏನು ತಿಂದಿರಿ ಅಂತ ವೈದ್ಯರಿಗೆ ಹೇಳಿ.

ನೀರು ಇದ್ದಕ್ಕಿದ್ದಂತೆ ಕೆಂಪೋ ಕಂದೋ ಆಗಿದ್ದರೆ, ಮೀನು ಸತ್ತು ತೇಲುತ್ತಿದ್ದರೆ ಆ ನೀರಿನ ಚಿಪ್ಪು ಹೆಕ್ಕಬೇಡಿ, ಮಾರಬೇಡಿ. ಇಲಾಖೆಗೆ ತಿಳಿಸಿ. ನೀರಿನ ಬಣ್ಣ ಬದಲಾಗದೆಯೂ ವಿಷ ಇರಬಹುದು, ಹಾಗಾಗಿ ಎಚ್ಚರಿಕೆ ಬಂದರೆ ನೀರು ತಿಳಿಯಾಗಿಯೇ ಉಂಟಲ್ಲ ಅಂತ ವಾದ ಮಾಡಬೇಡಿ.

ರೋಗಾಣುವಿನ ವಿಷಯ ಬೇರೆ. ಕೊಯ್ದ ಪಚ್ಚಿಲೆಯನ್ನು ಶುದ್ಧ ಉಪ್ಪುನೀರಲ್ಲಿ ಒಂದು ದಿನ ಇಟ್ಟರೆ ಹೊಟ್ಟೆಯ ಕೊಳಕು, ಮರಳು, ರೋಗಾಣುಗಳು ಬಹಳಷ್ಟು ಹೊರಗೆ ಹೋಗುತ್ತವೆ. ಚೆನ್ನಾಗಿ ಬೇಯಿಸಿದರೆ ಉಳಿದದ್ದೂ ಸಾಯುತ್ತದೆ. ಆದರೆ ಪಾಚಿಯ ವಿಷಕ್ಕೆ ಒಂದು ದಿನದ ತೊಳೆತ ಸಾಲದು.

ಚಿಪ್ಪನ್ನೂ ಬಿಸಾಡಬೇಡಿ

ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದ ಕಲ್ಲಿನದ್ದೇ ವಸ್ತು. ಸುಟ್ಟರೆ ಸುಣ್ಣ. ವೀಳ್ಯದೆಲೆಗೆ ಹಚ್ಚಿದ್ದು, ಹಳೆ ಮನೆಗಳ ಗೋಡೆಗೆ ಬಳಿದದ್ದು ಚಿಪ್ಪಿನ ಸುಣ್ಣವೇ. ಅಡಿಕೆ ತೋಟ ಇರುವವರು ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೂ 100 ಲೀಟರಿಗೆ 1 ಕಿಲೋ ಮೈಲುತುತ್ತದ ಜೊತೆ 1 ಕಿಲೋ ಒಳ್ಳೆಯ ಸುಣ್ಣ ಬೇಕು. ಪಚ್ಚಿಲೆ ಕೃಷಿಯಲ್ಲಿ ರಾಶಿ ಬೀಳುವ ಚಿಪ್ಪನ್ನು ದಂಡೆಯಲ್ಲಿ ಕೊಳೆಯಲು ಬಿಡದೆ ತೊಳೆದು ಒಣಗಿಸಿ ಇಟ್ಟರೆ ಅದಕ್ಕೂ ಕೇಳುವವರು ಸಿಗುತ್ತಾರೆ.

ಕೊನೆಗೆ ಇಷ್ಟು ನೆನಪಿಡಿ

• ಜಾಗ ಆರಿಸುವುದೇ ಮೇವು ಆರಿಸುವುದು. ಚರಂಡಿ ಹತ್ತಿರ ಬೇಡ.
• ಬಂಡೆಯಿಂದ ಬೀಜ ತೆಗೆಯುವಾಗ ಬೋಳಿಸಬೇಡಿ, ಗುಂಪು ಉಳಿಸಿ.
• ನವೆಂಬರಿನಲ್ಲಿ ಇಳಿಸಿ, ಮೇ ಮಧ್ಯದೊಳಗೆ ಎತ್ತಿ. ಘಟ್ಟದ ಮಳೆ ನೋಡಿ.
• ಸಣ್ಣ ಮರುವಾಯಿ ಮರಳಿಗೇ ಬಿಡಿ.
• ನೀರು ಸಂಶಯ ಅನಿಸಿದರೆ ಹೆಕ್ಕಬೇಡಿ, ತಿನ್ನಬೇಡಿ.

ಮೊದಲ ವರ್ಷ ಹತ್ತೇ ಹಗ್ಗ ಇಳಿಸಿ ನೋಡಿ, ಸಾಲ ಮಾಡಿ ನೂರು ಇಳಿಸಬೇಡಿ. ಆ ಹತ್ತು ಹಗ್ಗ ನಿಮ್ಮ ಹೊಳೆಯ ನೀರು ಎಂಥದ್ದು ಅಂತ ಆರು ತಿಂಗಳಲ್ಲಿ ಹೇಳಿಕೊಡುತ್ತವೆ. ಕೆಟ್ಟ ನೀರು ಬಂದರೆ ಸ್ಕಾಲಪ್ಪಿನ ಹಾಗೆ ಚಪ್ಪಾಳೆ ತಟ್ಟಿ ಓಡಲು ಪಚ್ಚಿಲೆಗೆ ಆಗುವುದಿಲ್ಲ. ಅದರ ಬದಲು ನೀರಿನ ಮೇಲೆ ಕಣ್ಣಿಟ್ಟಿರುವ ಕೆಲಸ ಸಾಕುವವನದ್ದು.